ಮೂರು ವರ್ಷದ ವಾರ್ಷಿಕ ವರದಿ ಬಾಕಿ, ಕಾಗದ ಪತ್ರಗಳ ಸಮಿತಿ ಕರೆದಿದೆ: ಅನುಭವ ಇದ್ದವರು ಹೇಳಿ

ಹೊಸ ಎಫ್‌ಎಂ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಚಿಕ್ಕ ರಾಜ್ಯ ನಿಗಮದ ಹಣಕಾಸು ವಿಭಾಗಕ್ಕೆ ಮ್ಯಾನೇಜರ್ (ಎಫ್‌ಎಂ) ಆಗಿ ಬಂದು ನಾಲ್ಕು ತಿಂಗಳಾಯಿತು. ಕಂಪನಿ ಕಾಯ್ದೆಯಡಿ ನೋಂದಣಿಯಾದ ನಿಗಮ. 2021-22, 2022-23, 2023-24 ಮೂರೂ ವರ್ಷದ ವರದಿ ಸದನದಲ್ಲಿ ಮಂಡನೆ ಆಗಿಲ್ಲ. ಮೊದಲ ವರ್ಷದ್ದು ಆಡಿಟರ್ ಬಳಿ ಇದೆ. ಉಳಿದೆರಡು ಇನ್ನೂ ಟ್ಯಾಲಿ ಲೆಕ್ಕದ ತಂತ್ರಾಂಶದಲ್ಲೇ ಮಲಗಿವೆ. ಈಗ ವರದಿಗಳು ಸಮಯಕ್ಕೆ ಸದನದಲ್ಲಿ ಮಂಡನೆ ಆದವಾ ಅಂತ ನೋಡುವ, ವಿಧಾನಮಂಡಲದ ಕಾಗದ ಪತ್ರಗಳ ಸಮಿತಿಯಿಂದ ಇಲಾಖೆಗೆ ಪತ್ರ ಬಂದಿದೆ, ಮುಂದಿನ ತಿಂಗಳು ಸಭೆ. ನನ್ನ ಪ್ರಶ್ನೆ ಎರಡು. ಬಾಕಿ ಲೆಕ್ಕವನ್ನು ಹೊರಗಿನ ಸಿಎ ಸಂಸ್ಥೆಗೆ ಕೊಡಲಾ, ನಾವೇ ಕುಳಿತು ಮುಗಿಸಲಾ? ಮೂರನ್ನೂ ಒಟ್ಟಿಗೆ ಮಂಡಿಸಲು ಕಾಯಬೇಕಾ, ಒಂದೊಂದೇ ಕಳಿಸಬೇಕಾ? ಇರುವುದು ಇಬ್ಬರು ಲೆಕ್ಕ ಸಹಾಯಕರು. ಅದರಲ್ಲಿ ಒಬ್ಬರು ಹೊರಗುತ್ತಿಗೆ.

ಹಳೇ ಲೆಡ್ಜರ್

ನೀವೇ ಮಾಡಿ. ಎರಡನೇ ಮಾತೇ ಇಲ್ಲ.

ನಾನು ಹುಬ್ಬಳ್ಳಿ ಕಡೆಯ ಒಂದು ನಿಗಮದಿಂದ ನಿವೃತ್ತನಾದವನು. ನಮ್ಮಲ್ಲಿ 2010-11ರಿಂದ 2014-15ರವರೆಗೆ ಐದು ವರ್ಷ ಬಾಕಿ ಇತ್ತು. ಹೊರಗಿನವರನ್ನು ಒಳಗೆ ಬಿಡಲಿಲ್ಲ. ನಾಲ್ಕು ಜನ, ಹದಿನಾಲ್ಕು ತಿಂಗಳು, ಶನಿವಾರ ರಜೆ ಅನ್ನೋದೇ ಮರೆತೆವು. ಸಸ್ಪೆನ್ಸ್ ಖಾತೆಯಲ್ಲಿ 3,17,846 ರೂಪಾಯಿ ಕುಳಿತಿತ್ತು, ಯಾರ ದುಡ್ಡೋ ಗೊತ್ತಿಲ್ಲ. ಅದನ್ನು ಬಿಡಿಸಲಿಕ್ಕೇ ಐದು ತಿಂಗಳು ಹೋಯಿತು. ಕೊನೆಗೆ ನೋಡಿದರೆ ಒಂದೇ ಸಪ್ಲೈಯರ್ ಬಿಲ್ ಎರಡು ಸಲ ಪಾವತಿಯಾಗಿ, ಅವನು ವಾಪಸ್ ಕಟ್ಟಿದ್ದ ಚೆಕ್. ಪುಣ್ಯಾತ್ಮ ಪ್ರಾಮಾಣಿಕ, ನಾವೇ ಗುರುತಿಸಿರಲಿಲ್ಲ.

ಇನ್ನೊಂದು ತಲೆನೋವು ಸವಕಳಿ, ಅಂದರೆ ಆಸ್ತಿಯ ಬೆಲೆ ವರ್ಷ ವರ್ಷ ಇಳಿಸಿ ಬರೆಯುವ ಲೆಕ್ಕ. 2013-14ರವರೆಗೆ ಹಳೇ ಕಂಪನಿ ಕಾಯ್ದೆ, 2014-15ಕ್ಕೆ ಹೊಸದು. ಮೊದಲು ದರದ ಮೇಲೆ ಲೆಕ್ಕ ಹಾಕುತ್ತಿದ್ದವರು ಆಸ್ತಿಯ ಆಯುಷ್ಯ ನೋಡಿ ಹಾಕಬೇಕಾಯಿತು. 1988ರ ಟೇಬಲ್ಲು, ಕುರ್ಚಿ, ಗೋದ್ರೆಜ್ ಬೀರು, ಒಂದೊಂದನ್ನೂ ರಿಜಿಸ್ಟರ್‌ನಲ್ಲಿ ಹುಡುಕಿದೆವು.

ಇಷ್ಟು ಮಾಡಿದ್ದಕ್ಕೆ ಸಿಕ್ಕ ಬಹುಮಾನ ಕೇಳಿ. ಶನಿವಾರ ಹುಡುಗರಿಗೆ ಗಿರ್ಮಿಟ್ಟು, ಮಿರ್ಚಿ, ಚಹಾ ತರಿಸಿದ್ದು ಒಟ್ಟು 18,460 ರೂಪಾಯಿ. ‘ಮಂಜೂರಾತಿ ಇಲ್ಲದ ವೆಚ್ಚ’ ಅಂತ ಆಡಿಟ್ ಪ್ಯಾರಾ, ಅಂದರೆ ಆಕ್ಷೇಪಣೆ ಬಂತು. ಅದಕ್ಕೆ ಉತ್ತರವಾಗಿ ಅನುಪಾಲನಾ ವರದಿ ಮೂರು ಸಲ ಬರೆದೆ. ನಾಲ್ಕನೇ ಸಲ ಸಿಟ್ಟು ಬಂದು ನನ್ನ ಕೈಯಿಂದಲೇ ಕಟ್ಟಿದೆ. ರಸೀದಿ ಇವತ್ತಿಗೂ ಇದೆ.

ವೋಚರ್ ರಾಣಿ

ಹಳೇ ಲೆಡ್ಜರ್ ಸಾರ್, ನಿಮಗೆ ನಾಲ್ಕು ಜನ ಇದ್ದರು. ನನಗೆ ಇದ್ದದ್ದು ಒಬ್ಬಳೇ, ಅವಳೂ ಹೆರಿಗೆ ರಜೆ ಮೇಲೆ ಹೋದಳು. ಏನು ಮಾಡಬೇಕಿತ್ತು?

ನಾನು ಹೊರಗೆ ಕೊಟ್ಟೆ. ಕೊಟೇಶನ್ 4,80,000. ಶೇ. 18 ಜಿಎಸ್‌ಟಿ ಸೇರಿ 5,66,400. ಮೂರು ವರ್ಷದ ಲೆಕ್ಕ, ಆರು ತಿಂಗಳ ಗಡುವು. ಮೊದಲ ತಿಂಗಳು ಇಬ್ಬರು ಆರ್ಟಿಕಲ್ ಹುಡುಗರು (ಸಿಎ ತರಬೇತಿಯಲ್ಲಿರುವವರು) ಬಂದರು. ಎರಡನೇ ತಿಂಗಳು ಒಬ್ಬ. ಪರೀಕ್ಷೆ ಬಂತು, ಇಬ್ಬರೂ ಇಲ್ಲ. ಹೊಸ ಹುಡುಗ ಬಂದು ‘ಮೇಡಂ, ವೋಚರ್ ಎಲ್ಲಿದೆ’ ಅಂತ ಮೊದಲಿಂದ ಶುರು ಮಾಡಿದ. ವೋಚರ್ ಇದ್ದದ್ದು ಜಿಲ್ಲಾ ಕಚೇರಿಗಳಲ್ಲಿ. ಒಂದು ಕಡೆ ಮಳೆ ನೀರು ನುಗ್ಗಿ ಎರಡು ವರ್ಷದ ಕಟ್ಟು ಹಪ್ಪಳ ಥರ ಅಂಟಿಕೊಂಡಿತ್ತು. ಬಿಡಿಸಿ ಬಿಡಿಸಿ ಫ್ಯಾನ್ ಕೆಳಗೆ ಒಣಗಿಸಿದ್ದು ನಾನು ಮತ್ತು ಡಿ ಗ್ರೂಪಿನ ಅಣ್ಣ. ಸಿಎ ಅಲ್ಲ.

ಆದರೆ ಒಂದು ಒಪ್ಪಿಕೊಳ್ಳುತ್ತೇನೆ. ಬ್ಯಾಂಕ್ ತಾಳೆ ನೋಡಿದ್ದು ಅವರೇ. ನಮ್ಮ ಪುಸ್ತಕದಲ್ಲೇ ಇಲ್ಲದ ಒಂದು ಖಾತೆ ಸಿಕ್ಕಿತು, 11,43,200 ರೂಪಾಯಿ. ಯೋಜನೆ ಮುಗಿದು ಏಳು ವರ್ಷ ಆಗಿತ್ತು. ನಮ್ಮ ಕಚೇರಿಯವರೇ ಲೆಕ್ಕ ಬರೆದಿದ್ದರೆ ಇನ್ನೂ ಏಳು ವರ್ಷ ಮಲಗಿರುತ್ತಿತ್ತು.

ಆರು ತಿಂಗಳ ಕೆಲಸ ಹತ್ತೊಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಂಪನಿ ರಿಜಿಸ್ಟ್ರಾರ್ ಫೈಲಿಂಗ್ ತಡವಾಯಿತು. ಒಂದು ಫಾರಂಗೆ ದಿನಕ್ಕೆ 100 ರೂಪಾಯಿ. ಒಂದು ವರ್ಷದ ಎಒಸಿ-4 (ಲೆಕ್ಕಪತ್ರದ ಫಾರಂ) ತಡವಾದದ್ದು 640 ದಿನ, ಅಂದರೆ 64,000. ಎಂಜಿಟಿ-7 (ವಾರ್ಷಿಕ ರಿಟರ್ನ್ ಫಾರಂ) 610 ದಿನ, 61,000. ಒಂದೇ ವರ್ಷಕ್ಕೆ 1,25,000 ರೂಪಾಯಿ! ಈ ದುಡ್ಡು ಯಾರು ಕೊಡಬೇಕು ಅಂತ ಸಮಿತಿ ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದರು. ಎಂ.ಡಿ. ನನ್ನ ಮುಖ ನೋಡಿದರು. ನಾನು ನೀರಿನ ಲೋಟ ನೋಡಿದೆ.

ಮೂರನೇ ಮಹಡಿ

ಸಚಿವಾಲಯದಲ್ಲಿ ಕೆಲಸ ಮಾಡುವವನ ಮಾತು. ನಿಮ್ಮ ಎರಡನೇ ಪ್ರಶ್ನೆಗೆ ಅರ್ಥವೇ ಇಲ್ಲ ಸ್ವಾಮಿ. ಮೂರನ್ನೂ ಒಟ್ಟಿಗೆ ಆಡಿಟ್ ಮಾಡಿಸಲು ಆಗುವುದಿಲ್ಲ. 2021-22ರ ಅಖೈರು ಶಿಲ್ಕು (ವರ್ಷದ ಕೊನೆಗೆ ಉಳಿದ ಮೊತ್ತ) ನಿಂತ ಮೇಲೇ 2022-23ರ ಆರಂಭ ಶಿಲ್ಕು. ಪ್ರತಿ ವರ್ಷಕ್ಕೂ ಸಿಎಜಿ (ಭಾರತದ ಮಹಾಲೇಖಪಾಲರು) ನೇಮಿಸಿದ ಆಡಿಟರ್ ವರದಿ ಬೇಕು. ಅದಾದ ಮೇಲೆ ಸಿಎಜಿಯ ಪೂರಕ ಲೆಕ್ಕಪರಿಶೋಧನೆಗೆ 60 ದಿನ. ಆಮೇಲೆ ಷೇರುದಾರರ ಮಹಾಸಭೆ. ಬಂದದ್ದನ್ನು ಬಂದ ಹಾಗೆ ಕಳಿಸಿ.

ಸಮಿತಿ ನೋಡುವುದು ನಿಮ್ಮ ಲಾಭ ನಷ್ಟ ಅಲ್ಲ. ಯಾವ ಕಲಮಿನಡಿ ಮಂಡಿಸಬೇಕಿತ್ತು, ಯಾವಾಗ ಮಂಡಿಸಬೇಕಿತ್ತು, ತಡವಾಗಿದ್ದರೆ ಕಾರಣದ ಹೇಳಿಕೆ ಜೊತೆಗಿದೆಯಾ, ಆ ಕಾರಣ ಒಪ್ಪುವಂಥದ್ದಾ. ಅಷ್ಟೇ. ‘ಸಿಬ್ಬಂದಿ ಕೊರತೆ’ ಅಂತ ಒಂದು ಸಾಲು ಬರೆದು ಕಳಿಸುವವರೇ ಜಾಸ್ತಿ. ತಾರೀಕುಪಟ್ಟಿ ಕೊಡಿ. ಆಡಿಟರ್‌ಗೆ ಕೊಟ್ಟ ದಿನ, ವಾಪಸ್ ಬಂದ ದಿನ, ಮಂಡಳಿ ಒಪ್ಪಿದ ದಿನ, ಇಲಾಖೆಗೆ ಕಳಿಸಿದ ದಿನ.

ಹಳೇ ಲೆಡ್ಜರ್

ಇಲಾಖೆಗೆ ಕಳಿಸಿದ ದಿನ ಕೊಡುತ್ತೇವೆ. ಇಲಾಖೆಯಿಂದ ಸದನಕ್ಕೆ ಹೋದ ದಿನ ಯಾರು ಕೊಡುತ್ತಾರೆ? 2010-11ರ ವರದಿ ನಾವು ಮಾರ್ಚಿನಲ್ಲಿ ಕೊಟ್ಟೆವು. ಮಂಡನೆ ಆದದ್ದು ಮರುವರ್ಷ. ಮಧ್ಯೆ ಕಡತ ಎಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು?

ಮೂರನೇ ಮಹಡಿ

ನಿಮ್ಮ ಕಡತಕ್ಕೆ ಕನ್ನಡ ಪ್ರತಿ ಇರಲಿಲ್ಲ ಅಂತ ಕಾಣುತ್ತೆ. ಅರ್ಧ ಜನ ಇಂಗ್ಲಿಷ್ ಪ್ರತಿ ಮಾತ್ರ ತಂದಿಟ್ಟು ‘ಕೊಟ್ಟಾಯ್ತು’ ಅನ್ನುತ್ತಾರೆ. ವಾಪಸ್ ಕಳಿಸಿದರೆ ನಾವು ಕಡತ ಇಟ್ಟುಕೊಂಡೆವು ಅನ್ನುತ್ತಾರೆ. ಸಚಿವರ ಸಹಿ ನಿಮ್ಮ ಜೇಬಿನಲ್ಲಿ ಇರುತ್ತದಾ, ನನ್ನ ಜೇಬಿನಲ್ಲಿ ಇರುತ್ತದಾ?

ಹಳೇ ಲೆಡ್ಜರ್

ಕನ್ನಡ ಪ್ರತಿ ಇತ್ತು ಸಾರ್. ಗೊತ್ತಿಲ್ಲದೆ ಮಾತಾಡಬೇಡಿ. ಐದೂ ವರ್ಷದ್ದು ಇತ್ತು.

ಕುಡ್ಲದ ಸಿಎಸ್

ನಾನು ಕಂಪನಿ ಸೆಕ್ರೆಟರಿ (ಸಿಎಸ್), ನಮ್ಮದು ಇನ್ನೂ ದೊಡ್ಡ ಕಥೆ ಮಾರಾಯ್ರೆ. ನಮ್ಮ ಕಂಪನಿ ಸೆಪ್ಟೆಂಬರ್ 30ಕ್ಕೆ ಮಹಾಸಭೆ ಕರೆಯುತ್ತದೆ, ಲೆಕ್ಕ ತಯಾರಿಲ್ಲ ಅಂತ ಮುಂದೂಡುತ್ತದೆ. ಹೀಗೆ ಮುಂದೂಡಿದ ಸಭೆಗಳೇ ಒಂದು ಹೊತ್ತಿಗೆ ನಾಲ್ಕು ಬಾಕಿ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಒಂದು, ಹನ್ನೊಂದಕ್ಕೆ ಒಂದು, ಊಟದ ನಂತರ ಎರಡು ಸಭೆ ನಡೆಸಿ ಮುಗಿಸಿದೆವು. ಅದೇ ಏಳು ಜನ, ಅದೇ ಗೋಡಂಬಿ ತಟ್ಟೆ. ಮಿನಿಟ್ಸ್ ನಾಲ್ಕು ಪ್ರತ್ಯೇಕ.

ಆಮೇಲೆ ಸಾರ್ವಜನಿಕ ಉದ್ಯಮಗಳ ಸಮಿತಿ ಕರೆಯಿತು. ಅವರು ತಾರೀಕು ಕೇಳಲಿಲ್ಲ. ಗೇರು ತೋಟದ ಗುತ್ತಿಗೆ ಯಾಕೆ ಕಡಿಮೆಗೆ ಹೋಯಿತು, ಬಾಕಿ ವಸೂಲಿ ಯಾಕಿಲ್ಲ, ಅದೇ ಮೂರು ಗಂಟೆ. ನಾನು ತಾರೀಕುಪಟ್ಟಿ ಹಿಡಿದುಕೊಂಡು ಬೆಪ್ಪನ ಹಾಗೆ ಕುಳಿತಿದ್ದೆ. ಹಾಗಾಗಿ ‘ಅಷ್ಟೇ ನೋಡೋದು’ ಅಂತ ನಂಬಬೇಡಿ.

ಮೂರನೇ ಮಹಡಿ

ಅದು ಬೇರೆ ಸಮಿತಿ! ಸಾರ್ವಜನಿಕ ಉದ್ಯಮಗಳ ಸಮಿತಿ ಕೆಲಸದ ಒಳಗೆ ಇಳಿಯುತ್ತದೆ. ಕಾಗದ ಪತ್ರಗಳ ಸಮಿತಿ ಮಂಡನೆ ನೋಡುತ್ತದೆ. ಸಂಸತ್ತಿನಲ್ಲೂ ಹಾಗೇ. ಮೊದಲನೆಯದು 1964ರಿಂದ ಇದೆ, ಲೋಕಸಭೆಯ ಕಾಗದ ಪತ್ರಗಳ ಸಮಿತಿ ಬಂದದ್ದು 1975ರಲ್ಲಿ. ಬಂದವರನ್ನು ಗಾಬರಿ ಮಾಡಬೇಡಿ.

ಕುಡ್ಲದ ಸಿಎಸ್

ಬಾಗಿಲ ಮೇಲೆ ಬೋರ್ಡು ಬೇರೆ ಅಂದ ಮಾತ್ರಕ್ಕೆ ಒಳಗೆ ಕುಳಿತವರು ಕೇಳೋದು ನಿಮ್ಮ ನಿಯಮ ಪುಸ್ತಕ ನೋಡಿ ಅಲ್ಲ. ಹೋಗಿ ಕುಳಿತವನಿಗೆ ಗೊತ್ತು.

ಮೈಸೂರಿನವ

ನೀವೆಲ್ಲ ಕನ್ನಡ ಪ್ರತಿಗೆ ಅಳುತ್ತಿದ್ದೀರಿ. ನಾನು ಕೇಂದ್ರದ ಒಂದು ಸ್ವಾಯತ್ತ ಸಂಸ್ಥೆಯಲ್ಲಿದ್ದವನು, ನಮಗೆ ಹಿಂದಿ. ಎರಡೂ ಭಾಷೆಯ ಪ್ರತಿ ಒಟ್ಟಿಗೆ ಮಂಡನೆ ಆಗಬೇಕು. ನಮ್ಮ ತಾರೀಕು ಕಲ್ಲಿನ ಮೇಲೆ ಬರೆದ ಹಾಗೆ. ಜೂನ್ 30ಕ್ಕೆ ಲೆಕ್ಕ ಆಡಿಟ್‌ಗೆ, ಅಕ್ಟೋಬರ್ 31ಕ್ಕೆ ಆಡಿಟ್ ವರದಿ, ಡಿಸೆಂಬರ್ 31ಕ್ಕೆ ಸಚಿವಾಲಯಕ್ಕೆ. ಇಂಗ್ಲಿಷ್ ವರದಿ ನವೆಂಬರಿನಲ್ಲೇ ತಯಾರು. 212 ಪುಟ, ಪುಟಕ್ಕೆ 300 ರೂಪಾಯಿ, ಹಿಂದಿಗೆ 63,600. ಅನುವಾದಕರು ಪ್ರಯೋಗಾಲಯದ ಉಪಕರಣಗಳ ಪಟ್ಟಿ ನೋಡಿ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಜನವರಿ ಹೋಯಿತು. ವಿಳಂಬ ಹೇಳಿಕೆಯಲ್ಲಿ ‘ಹಿಂದಿ ಅನುವಾದ’ ಅಂತ ಬರೆದೆವು. ಮೂರು ವರ್ಷ ಅದೇ ಕಾರಣ, ಅದೇ ಸಾಲು, ಅಲ್ಪವಿರಾಮ ಸಹಿತ. ಮೂರನೇ ವರ್ಷ ಮೇಲಿನಿಂದ ಪ್ರಶ್ನೆ ಬಂತು: ಪ್ರತಿ ವರ್ಷ ಹಿಂದಿ ಬೇಕು ಅಂತ ನಿಮಗೆ ಪ್ರತಿ ವರ್ಷ ಹೊಸದಾಗಿ ಗೊತ್ತಾಗುತ್ತದಾ?

ಮಲ್ಲೇಶ್ವರದ ಓದುಗ

ನಾನು ನೌಕರ ಅಲ್ಲ. ತೆರಿಗೆ ಕಟ್ಟುವವನು. ಇಲ್ಲಿ ಎಲ್ಲರೂ ತಮ್ಮ ಶನಿವಾರ, ತಮ್ಮ ಮಿರ್ಚಿ ಬಗ್ಗೆ ಹೇಳುತ್ತಿದ್ದೀರಿ. ಒಂದು ನಿಗಮ ಸಾಲ ಕೊಟ್ಟಿತೋ ಇಲ್ಲವೋ ನೋಡೋಣ ಅಂತ ವಾರ್ಷಿಕ ವರದಿ ಹುಡುಕಿದೆ. ಜಾಲತಾಣದಲ್ಲಿ ಆರು ವರ್ಷ ಹಳೆಯದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ‘ಸದನದಲ್ಲಿ ಮಂಡನೆ ಆಗದ ಕಾರಣ ಕೊಡಲು ಬರುವುದಿಲ್ಲ’ ಅಂದರು. ಮಂಡನೆ ಯಾಕೆ ಆಗಿಲ್ಲ ಅಂದರೆ ‘ಲೆಕ್ಕ ಅಂತಿಮವಾಗಿಲ್ಲ’. ಮೇಲ್ಮನವಿಗೆ ಹೋದೆ. ಬಸ್ಸು, ಜೆರಾಕ್ಸ್, ಪೋಸ್ಟಲ್ ಆರ್ಡರ್ ಸೇರಿ 740 ರೂಪಾಯಿ, ನಾಲ್ಕು ಅರ್ಧ ದಿನ ರಜೆ. ಕೈಗೆ ಬಂದದ್ದು ಒಂದು ಪುಟದ ಹಿಂಬರಹ.

ಲೆಕ್ಕ ಬಾಕಿ ಇರುವ ವರ್ಷಗಳಲ್ಲೂ ಯಾವ ನಿಗಮಕ್ಕೆ ಸರ್ಕಾರ ಎಷ್ಟು ಬಂಡವಾಳ, ಸಾಲ, ಅನುದಾನ ಹಾಕಿದೆ ಅಂತ ಸಿಎಜಿ ವರದಿಯ ಅನುಬಂಧದಲ್ಲಿ ಪಟ್ಟಿ ಇರುತ್ತದೆ. ಅದನ್ನು ಓದಿ. ಲೆಕ್ಕ ಕೊಡದವರಿಗೆ ದುಡ್ಡು ಮಾತ್ರ ತಪ್ಪದೆ ಬರುತ್ತದೆ.

ವೋಚರ್ ರಾಣಿ

ದುಡ್ಡು ನನ್ನ ಮನೆಗೆ ಬರಲಿಲ್ಲ ಸಾರ್. ಮಂಜೂರಾದ ಹುದ್ದೆ ಒಂಬತ್ತು, ಭರ್ತಿ ಆದದ್ದು ಎರಡು. ಅದನ್ನೂ ಅನುಬಂಧದಲ್ಲಿ ಹಾಕಲಿ. ಒದ್ದೆ ವೋಚರ್ ಒಣಗಿಸಿ ನನಗೆ ಕೆಮ್ಮು ಹಿಡಿದದ್ದು ಯಾವ ವರದಿಯಲ್ಲೂ ಇಲ್ಲ.

ಮಲ್ಲೇಶ್ವರದ ಓದುಗ

ನಿಮ್ಮನ್ನು ಅನ್ನಲಿಲ್ಲ ಮೇಡಂ. ಆದರೆ ಏಳು ವರ್ಷ ಮಲಗಿದ್ದ 11 ಲಕ್ಷ ಯಾರೋ ಫಲಾನುಭವಿಗೆ ಹೋಗಬೇಕಿದ್ದದ್ದು ಅಲ್ವಾ? ಅವರು ಯಾರನ್ನು ಕೇಳಬೇಕು?

ಹಳೇ ಲೆಡ್ಜರ್

ಮೂರನೇ ಮಹಡಿಯವರು ಕನ್ನಡ ಪ್ರತಿ ಇರಲಿಲ್ಲ ಅಂದದ್ದು ಇನ್ನೂ ಕೊರೆಯುತ್ತಿದೆ. ಪೂರ್ತಿ ಹೇಳಿಬಿಡುತ್ತೇನೆ.

ಅನುವಾದ ಮಾಡಿಸಿದ್ದು ಒಬ್ಬ ನಿವೃತ್ತ ಶಿರಸ್ತೇದಾರರಿಂದ. ‘ಕಂಟಿಂಜೆಂಟ್ ಲಯಬಿಲಿಟಿ’ಗೆ ಅವರು ‘ಸಾದಿಲ್ವಾರು ಹೊಣೆ’ ಅಂತ ಬರೆದಿದ್ದರು. ಕೋರ್ಟಿನಲ್ಲಿದ್ದ ಎರಡು ಕೋಟಿಯ ಕೇಸು ಪೆನ್ನು ಪೇಪರ್ ಖರ್ಚಿನ ಸಾಲಿಗೆ ಬಂದಂತಾಯಿತು. ತಿದ್ದಿದೆವು. ಆಮೇಲೆ ಮುದ್ರಣ. ವಿಧಾನಸಭೆ 224, ಪರಿಷತ್ತು 75, ಒಟ್ಟು 299 ಸದಸ್ಯರು. ಕಚೇರಿಗೂ ಬೇಕು ಅಂತ 350 ಪ್ರತಿ. ಪ್ರತಿಗೆ 412 ರೂಪಾಯಿ, ಒಟ್ಟು 1,44,200. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವನು ಯೂನಿಕೋಡ್‌ಗೆ ಬದಲಿಸಿದ. ಒಳಪುಟ ನೋಡಿದೆವು, ಮುಖಪುಟ ನೋಡಲಿಲ್ಲ. ಬೆಳಗಾವಿ ಅಧಿವೇಶನಕ್ಕೆ ಡಬ್ಬ ಇಳಿಸಿದಾಗ ಬಂಗಾರದ ಬಣ್ಣದಲ್ಲಿ ‘ವಾಷರ್ಿಕ ವರದಿ’ ಅಂತ ಮಿರಮಿರ ಮಿಂಚುತ್ತಿತ್ತು. ರಾತ್ರಿ ಲಾಡ್ಜಿನಲ್ಲಿ ಮೂವರು ಕುಳಿತು 350 ಸ್ಟಿಕ್ಕರ್ ಅಂಟಿಸಿದೆವು.

ಕುಡ್ಲದ ಸಿಎಸ್

ಸಾದಿಲ್ವಾರು ಒಳ್ಳೆ ಕನ್ನಡ ಮಾರಾಯ್ರೆ, ಯಾಕೆ ತಿದ್ದಿದಿರಿ?

ಮೂರನೇ ಮಹಡಿ

ಸಾದಿಲ್ವಾರು ಅಂದರೆ ಕಚೇರಿಯ ಚಿಲ್ಲರೆ ವೆಚ್ಚ. ಇದು ಸಂಭವನೀಯ ಹೊಣೆಗಾರಿಕೆ. ಎರಡೂ ಬೇರೆ. ಅಷ್ಟಕ್ಕೂ ಅದು ಕನ್ನಡವೂ ಅಲ್ಲ, ಫಾರ್ಸಿಯಿಂದ ಬಂದದ್ದು.

ಕುಡ್ಲದ ಸಿಎಸ್

ಹಾಗಾದರೆ ಶಿಲ್ಕು, ಜಮೀನು, ಅರ್ಜಿ ಎಲ್ಲ ತೆಗೆಯಿರಿ. ನಿಮ್ಮ ಹುದ್ದೆಯನ್ನೂ ಸೇರಿಸಿ.

ಹೊಸ ಎಫ್‌ಎಂ

ಎಲ್ಲರಿಗೂ ಧನ್ಯವಾದ. 2021-22ರದ್ದನ್ನು ಮೊದಲು ಕಳಿಸುತ್ತೇನೆ, ತಾರೀಕುಪಟ್ಟಿ ಮಾಡುತ್ತಿದ್ದೇನೆ. ಕನ್ನಡದಲ್ಲಿ ವಿಳಂಬ ಹೇಳಿಕೆಯ ಮಾದರಿ ಯಾರ ಬಳಿಯಾದರೂ ಇದೆಯಾ?

ಹಳೇ ಲೆಡ್ಜರ್

ನನ್ನ ಹತ್ತಿರ ಐದು ವರ್ಷದ್ದೂ ಇದೆ, ನುಡಿಯಲ್ಲಿ. ಮೆಸೇಜ್ ಮಾಡಿ, ಕಳಿಸುತ್ತೇನೆ. ಯೂನಿಕೋಡ್‌ಗೆ ಬದಲಿಸಿದ ಮೇಲೆ ‘ವಾರ್ಷಿಕ’ ಅಂತ ಬರುವ ಕಡೆಯೆಲ್ಲ ಒಂದು ಸಲ ನೋಡಿಕೊಳ್ಳಿ.