ಕಲ್ಲಿನ ಕಮಾನು ಮೂರನೇ ಸಲ ಬಿತ್ತು, ಗಟ್ಟಿ ಅಂಟು ಯಾವುದು ಹೇಳಿ

ಚಿಕ್ಕಮಗಳೂರು_ಉಪ್ಪುನೀರು
ತಲೆ ಕೆಟ್ಟುಹೋಗಿದೆ. ನಾಲ್ಕಡಿಯ ಉಪ್ಪುನೀರಿನ ಮೀನಿನ ಟ್ಯಾಂಕಿನಲ್ಲಿ ಕಟ್ಟಿದ್ದ ಕಮಾನು ನಿನ್ನೆ ರಾತ್ರಿ ಮತ್ತೆ ಬಿತ್ತು. ಊಟಕ್ಕೆ ಕೂತಿದ್ದೆ, ನಡುಮನೆಯಿಂದ ದಢ್ ಅಂತ ಸದ್ದು. ಹೋಗಿ ನೋಡಿದರೆ ನೀರೆಲ್ಲ ರಾಡಿ, ಕ್ಲೌನ್ ಮೀನಿನ ಜೋಡಿ ಹೀಟರ್ ಹಿಂದೆ ಅವಿತಿವೆ, ಮುಂದಿನ ಗಾಜಿನ ಮೇಲೆ ಗೇಣುದ್ದ ಗೀರು. ಒಣ ಕಲ್ಲು, ಅಂದರೆ ತೂತು ತೂತಿನ ಸುಣ್ಣದ ಕಲ್ಲು, ಹತ್ತಿರ ಹತ್ತಿರ 25 ಕೆಜಿ. ಸೂಪರ್ ಗ್ಲೂ ಜೆಲ್ ಹಾಕಿದ್ದೆ. ಬೀಳುವ ಮೊದಲು ಎರಡು ಮೂರು ರಾತ್ರಿ ಅಂಟು ಬಿರುಕು ಬಿಡುವ ಟಿಕ್ ಟಿಕ್ ಸದ್ದೂ ಕೇಳಿಸಿತ್ತು. ಯಾವ ಅಂಟು ಹಾಕಲಿ? ಬೇರೆಲ್ಲ ಸರಿಯಾಗಿಯೇ ಇದೆ.

ಹಾಸನ_ರೀಫರ್
ಬರೀ ಜೆಲ್ ಸಾಲಲ್ಲ ಗುರು. ಒಣಗಿದ ಮೇಲೆ ಅದು ಗಾಜಿನ ಥರ, ಪಕ್ಕದಿಂದ ಒಂದು ಏಟು ಬಿದ್ದರೆ ಪಟ್ ಅಂತ ಬಿಡುತ್ತದೆ. ಕಲ್ಲು ಹೊರಗೆ ತೆಗೆದು ಒಣಗಿಸಿ. ಸಂದಿಗೆ ಒಣ ಕೋರಲ್ ಮರಳು ತುಂಬಿ, ಮೇಲಿಂದ ತೆಳು ಸೂಪರ್ ಗ್ಲೂ ಬಿಡಿ. ನೋಡ್ತಾ ನೋಡ್ತಾ ಕಲ್ಲಾಗುತ್ತದೆ. ಬಿಸಿಯಾಗುತ್ತದೆ, ಹೊಗೆಗೆ ಕಣ್ಣು ಉರಿಯುತ್ತದೆ, ಜಗಲಿಯಲ್ಲಿ ಮಾಡಿ.

ಚಿಕ್ಕಮಗಳೂರು_ಉಪ್ಪುನೀರು
ಎರಡನೇ ಸಲ ಅದನ್ನೇ ಮಾಡಿದ್ದು. ಬಿತ್ತು.

ಹಾಸನ_ರೀಫರ್
ಹಾಗಾದರೆ ಮರಳು ಒದ್ದೆ ಇತ್ತು. ನಿಮ್ಮ ಕಡೆ ಮಳೆ ಬಿಟ್ಟಿಲ್ಲ ಅಲ್ವಾ. ಬಾಣಲೆಯಲ್ಲಿ ಹುರಿದು ಮಾಡಿ.

ಮೂಡಿಗೆರೆ_ತೋಟ
ಅಂಟನ್ನೇ ನಂಬಬೇಡಿ. 6 ಎಂಎಂ ಬಿಟ್‌ನಲ್ಲಿ ತೂತು ಕೊರೆದು ಅಕ್ರಿಲಿಕ್ ಕಡ್ಡಿ ತೂರಿಸಿ. ಕಬ್ಬಿಣದ ಸರಳು ಬೇಡವೇ ಬೇಡ, ಉಪ್ಪುನೀರು ತಿಂದುಹಾಕುತ್ತದೆ. ನಾನಂತೂ ಬಿಳಿ ಸಿಮೆಂಟು 1 ಪಾಲು, ಕುಟ್ಟಿದ ಚಿಪ್ಪು 3 ಪಾಲು ಕಲಸಿ ಕಮಾನನ್ನೇ ಎರಕ ಹೊಯ್ದೆ, ಕಾಫಿ ಒಣಗಿಸುವ ಕಣದಲ್ಲಿ. ಆಮೇಲೆ 6 ವಾರ ಡ್ರಮ್ಮಿನಲ್ಲಿ ಮುಳುಗಿಸಿ ನೀರು ಬದಲಿಸುತ್ತಾ ಇದ್ದೆ. ಮೊದಲ ವಾರ ಪಿಎಚ್ 10 ದಾಟಿತ್ತು. 8.4ಕ್ಕೆ ಇಳಿದ ಮೇಲೇ ಟ್ಯಾಂಕಿಗೆ ಇಳಿಸಿದ್ದು. ಫೋಟೋ ಬೇಕಾದವರು ಕೇಳಿ.

ಬೇಲೂರು_ಕಲ್ಲು
ಇಷ್ಟೆಲ್ಲ ಯಾಕೆ? ನಮ್ಮ ಬಳಪದ ಕಲ್ಲು ತಗೊಳ್ಳಿ. ಬೇಕಾದ ಆಕಾರಕ್ಕೆ ಕೆತ್ತಬಹುದು. 1117ರಿಂದ ಬೇಲೂರಿನಲ್ಲಿ ನಿಂತಿದೆ, ಅಂಟಿಲ್ಲದೆ.

ಹಾಸನ_ರೀಫರ್
ದೇವಸ್ಥಾನ ನೀರೊಳಗಿಲ್ಲ ಕಣ್ರೀ. ಬಳಪದ ಕಲ್ಲಿಗೆ ಸಣ್ಣ ಸಣ್ಣ ತೂತೇ ಇಲ್ಲ, ಬ್ಯಾಕ್ಟೀರಿಯಾ ಎಲ್ಲಿ ಕೂರಬೇಕು? ಮೀನಿನ ಕಸದ ಅಮೋನಿಯಾ ಯಾರು ತಿನ್ನಬೇಕು?

ಬೇಲೂರು_ಕಲ್ಲು
ವಿನೆಗರ್ ಹಾಕಿ ನೋಡಿದೀನಿ ಸ್ವಾಮಿ. ಒಂದು ಗುಳ್ಳೆ ಬರಲಿಲ್ಲ. ಸೇಫ್.

ಹಾಸನ_ರೀಫರ್
ಅದು ಸಿಹಿನೀರಿನವರ ಪರೀಕ್ಷೆ. ಗುಳ್ಳೆ ಬಂದರೆ ಸುಣ್ಣದ ಕಲ್ಲು ಅಂತ ಅರ್ಥ, ನಮಗೆ ಬೇಕಾಗಿರುವುದೇ ಅದು! ಲೋಹ ಇದೆಯೋ ಇಲ್ಲವೋ ವಿನೆಗರ್ ಹೇಳಲ್ಲ.

ಸಕಲೇಶಪುರ_ಟ್ಯಾಂಕ್
ನಮ್ಮದು ಆರಡಿ ಟ್ಯಾಂಕ್. ಉಪ್ಪಿನ ಪುಡಿಯೇ ಮುಟ್ಟಲ್ಲ. ಶಿರಾಡಿ ಇಳಿದು ಮಂಗಳೂರಿಂದ 35 ಲೀಟರಿನ 10 ಕ್ಯಾನ್ ಕಡಲ ನೀರು ತರ್ತೀನಿ. ದಡದಲ್ಲಿ ಹವಳದ ಕಲ್ಲು ಸಿಕ್ಕಿದರೆ ಅದನ್ನೂ.

ಮೂಡಿಗೆರೆ_ತೋಟ
ಹವಳ ಎತ್ತಿಕೊಂಡು ಬಂದು ಇಲ್ಲಿ ಬರೀಬೇಡಿ ಮಾರಾಯ್ರೇ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಜೊತೆ. ನೀರೂ ಅಷ್ಟೇ. ಮಳೆಗಾಲದಲ್ಲಿ ನೇತ್ರಾವತಿ ಸೇರುವ ಕಡೆ ತುಂಬಿದರೆ ಸಪ್ಪೆ ಇರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ತೋರಿಸುತ್ತಾ?

ಸಕಲೇಶಪುರ_ಟ್ಯಾಂಕ್
ಹವಳ ಅಂದಿದ್ದು ಸುಮ್ನೆ ಮಾತಿಗೆ. ನೀರು ಬೇಸಿಗೆಯಲ್ಲೇ ತುಂಬಿಸಿಡ್ತೀನಿ.

ಕೊಪ್ಪ_ಹಳಬ
ಟ್ಯಾಂಕಿನ ಯಜಮಾನರನ್ನೇ ಎಲ್ಲರೂ ಮರೆತಂತಿದೆ. ಒಂದು ಕೇಳ್ತೀನಿ. ಈಗ ಕಲ್ಲೆಲ್ಲ ಹೊರಗಿದೆ ಅಲ್ವಾ? ಟಿಕ್ ಟಿಕ್ ನಿಂತಿತಾ?

ಚಿಕ್ಕಮಗಳೂರು_ಉಪ್ಪುನೀರು
ಇಲ್ಲ, ಕಲ್ಲು ತೆಗೆದ ಮೇಲೂ ಕೇಳಿಸಿತು. ಹೀಟರ್ ಇರಬೇಕು ಅಂದುಕೊಂಡೆ.

ಕೊಪ್ಪ_ಹಳಬ
ಟ್ಯಾಂಕಿನಲ್ಲಿ ಏನೇನಿದೆ, ಒಂದೂ ಬಿಡದೆ ಹೇಳಿ. ಮರಳು ಮೊದಲೋ ಕಲ್ಲು ಮೊದಲೋ ಅದನ್ನೂ.

ಚಿಕ್ಕಮಗಳೂರು_ಉಪ್ಪುನೀರು
ಕ್ಲೌನ್ 2, ಹಳದಿ ಗೋಬಿ ಮೀನು 1, ಅದರ ಜೊತೆ ಒಂದು ಪಿಸ್ತೂಲ್ ಸೀಗಡಿ. ಅಂಗಡಿಯವರು ಜೋಡಿ ಅಂತ ಕೊಟ್ಟರು. ಮರಳು 3 ಇಂಚು ಹಾಸಿ ಅದರ ಮೇಲೆ ಕಲ್ಲು, ತಳದ ಗಾಜು ಒಡೆಯದಿರಲಿ ಅಂತ. ಇದಕ್ಕೂ ಅಂಟಿಗೂ ಏನು ಸಂಬಂಧ?

ಕೊಪ್ಪ_ಹಳಬ
ಅಯ್ಯೋ ದೇವರೇ. ಟಿಕ್ ಟಿಕ್ ಅನ್ನುವುದು ಅಂಟಲ್ಲ, ಆ ಸೀಗಡಿಯ ದೊಡ್ಡ ಕೊಂಬು, ಏಡಿಗಿರುವಂಥ ಇಕ್ಕಳ. ಚಿಟಿಕೆ ಹೊಡೆದ ಹಾಗೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಅದೇ ಸದ್ದು. ಇಡೀ ದಿನ ಅದರ ಕೆಲಸ ಬಿಲ ತೋಡುವುದು. ಕಲ್ಲಿನ ಬುಡ ನೋಡಿ. ಎರಡು ಕೊಂಬನ್ನೂ ಜೋಡಿಸಿ, ಜೆಸಿಬಿ ಥರ, ಮರಳು ತಳ್ಳಿಕೊಂಡು ಹೊರಗೆ ಬರುತ್ತದೆ. ಕಣ್ಣು ಮಂದ, ಒಂದು ಮೀಸೆ ಸದಾ ಗೋಬಿಯ ಮೈ ಮೇಲೆ. ಗೋಬಿ ಬಾಲ ಅಲ್ಲಾಡಿಸಿದರೆ ಒಳಗೆ ಓಟ. ನಿಮ್ಮ ಕಮಾನಿನ ಒಂದು ಕಾಲಿನ ಕೆಳಗೆ ಮರಳೇ ಇಲ್ಲ, ಬರೀ ಟೊಳ್ಳು. ಕಾಲು ಕುಸಿದ ಮೇಲೆ ಯಾವ ಅಂಟು ಏನು ಮಾಡೀತು?

ಕಲ್ಲಿಡುವ ಜಾಗದ ಮರಳು ಸರಿಸಿ. ಗಾಜಿನ ಮೇಲೆ ತೆಳು ಅಕ್ರಿಲಿಕ್ ಹಾಳೆ, ಅದರ ಮೇಲೆ ನೇರವಾಗಿ ಬುಡದ ಕಲ್ಲು, ಮೂರು ಕಡೆ ಊರಿರಬೇಕು. ಆಮೇಲೆ ಸುತ್ತ ಮರಳು ತುಂಬಿ. ಸುತ್ತಲಿನ ಗಾಜಿಗೂ ಕಲ್ಲಿಗೂ 3 ಇಂಚು ಬಿಡಿ, ಗಾಜು ಉಜ್ಜುವ ಮ್ಯಾಗ್ನೆಟ್ ಓಡಾಡಬೇಕಲ್ಲ. ಸೀಗಡಿಗೆ ಒಂದು ಮುಷ್ಟಿ ಪುಡಿಗಲ್ಲು ಹಾಕಿ, ಬಿಲಕ್ಕೆ ಚಾವಣಿ ಅದೇ ಕಟ್ಟಿಕೊಳ್ಳುತ್ತದೆ.

ಹಾಸನ_ರೀಫರ್
ಸರಿ, ಆದರೂ ಬರೀ ಜೆಲ್ ಸಾಲಲ್ಲ.

ಬೇಲೂರು_ಕಲ್ಲು
ಬುಡಕ್ಕಾದರೂ ಬಳಪದ ಕಲ್ಲು ಆಗಬಹುದಲ್ವಾ?

ಚಿಕ್ಕಮಗಳೂರು_ಉಪ್ಪುನೀರು
11 ದಿನ ಆಯಿತು, ನಿಂತಿದೆ. ಹಳಬರೇ, ಥ್ಯಾಂಕ್ಸ್. ಸೀಗಡಿ ಎಡಗಾಲಿನ ಬುಡದಲ್ಲಿ ಗಾಜಿನವರೆಗೂ ತೋಡಿದೆ, ಕಲ್ಲು ಅಲ್ಲಾಡಲಿಲ್ಲ. ಧೈರ್ಯಕ್ಕೆ ಇರಲಿ ಅಂತ ಮೊನ್ನೆ ನೀರೊಳಗೇ ಒಂದಿಷ್ಟು ಎಪಾಕ್ಸಿ ಪುಟ್ಟಿಯೂ ಮೆತ್ತಿದೆ. ಈಗ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ನೊರೆ ಉಕ್ಕಿ ಕ್ಯಾಬಿನೆಟ್ಟೆಲ್ಲ ಒದ್ದೆ. ಮೋಟರ್ ಹೋಯಿತಾ?

ಕೊಪ್ಪ_ಹಳಬ
ಮೋಟರಿಗೇನೂ ಆಗಿಲ್ಲ. ಪುಟ್ಟಿ ಹಾಕಿದರೆ ಹಾಗೇ ಉಕ್ಕುತ್ತದೆ. ಎರಡು ದಿನ ಸ್ಕಿಮ್ಮರ್ ಆಫ್ ಮಾಡಿ, ಏರ್ ಪಂಪ್ ಒಂದು ಹಾಕಿಡಿ. ಇನ್ನು ಕಮಾನು ಮುಟ್ಟಬೇಡಿ.