ರಸ್ತೆ ಬದಿಯ ಸಾಲುಮರ ಉಳಿಸಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ತುಮಕೂರು ಜಿಲ್ಲೆಯಿಂದ, ಪ್ರಶ್ನೆ:

ನಮ್ಮೂರ ರಸ್ತೆ ಅಗಲ ಮಾಡುತ್ತಾರಂತೆ. ಹೋದ ವಾರ ಹುಣಸೆ, ಆಲ, ಬೇವಿನ ಮರಗಳ ತೊಗಟೆ ಕೆತ್ತಿ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಇನ್ನೂರಕ್ಕೂ ಜಾಸ್ತಿ ಮರಗಳಿವೆ. ಊರಲ್ಲಿ ಎಲ್ಲರಿಗೂ ಸಂಕಟ ಇದೆ, ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಇಂಥ ಹೋರಾಟ ಮಾಡಿದವರು, ಹತ್ತಿರದಿಂದ ನೋಡಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ:

ನಂಬರ್ ಬಿದ್ದಿದೆ ಅಂದರೆ ಎಣಿಕೆ ಆಗಿದೆ ಅಷ್ಟೇ. ಕಡಿಯಲು ಅನುಮತಿ ಸಿಕ್ಕಿದೆ ಅಂತ ಅರ್ಥ ಅಲ್ಲ. ಮೊದಲು ಊರಿನವರಿಗೆ ಇದನ್ನು ಹೇಳಿ. ಆ ಬಣ್ಣ ನೋಡಿಯೇ ಎಷ್ಟೋ ಜನ ಕೈಚೆಲ್ಲಿಬಿಡುತ್ತಾರೆ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲೇ ಬಂದಿದೆ. ರಸ್ತೆಯಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ (ಈ ಕಾಯ್ದೆಯ ಕೆಲಸ ನೋಡಿಕೊಳ್ಳುವ ಅರಣ್ಯ ಇಲಾಖೆಯ ಅಧಿಕಾರಿ) ಪ್ರಕಟಣೆ ಹೊರಡಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು. ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಇದು. ಪ್ರಕಟಣೆ ಹೊರಟಿದೆಯಾ ಅಂತ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ. ಜೊತೆಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮರಗಳ ಪಟ್ಟಿ, ರಸ್ತೆಯ ನಕ್ಷೆ, ಅನುಮತಿ ಕೇಳಿ ಬರೆದ ಪತ್ರ ಮೂರನ್ನೂ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ, ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಯಾವ ಅರ್ಜಿ ಕೊಟ್ಟರೂ ನಿಮ್ಮ ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.

ಆಕ್ಷೇಪಣೆಯನ್ನು ಒಂದೇ ಪತ್ರ ಜೆರಾಕ್ಸ್ ಮಾಡಿ ಎಲ್ಲರ ಸಹಿ ಹಾಕಿಸಿ ಕೊಡಬೇಡಿ. ಒಬ್ಬೊಬ್ಬರೂ ತಮ್ಮ ಮಾತಲ್ಲಿ ಬರೆಯಲಿ. ಇಂಥ ನಂಬರಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತೇವೆ, ಇಂಥ ಹುಣಸೆಯ ಹಣ್ಣು ಪ್ರತಿ ವರ್ಷ ಹರಾಜಾಗುತ್ತದೆ ಅಂತ. ಹಾಗೆ ಬರೆದ ಒಂದೊಂದು ಪತ್ರಕ್ಕೂ ಉತ್ತರ ಕೊಡಿ ಅಂತ ನೀವು ಪಟ್ಟು ಹಿಡಿಯಬಹುದು.

ಶಿರಸಿಯಿಂದ:

1983ರ ಸೆಪ್ಟೆಂಬರಿನಲ್ಲಿ ನಮ್ಮ ಸಾಲ್ಕಣಿಯಲ್ಲಿ ಅಪ್ಪಿಕೋ ಶುರುವಾಯಿತು. ಜನ ಮರ ಅಪ್ಪಿಕೊಂಡಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚೆ ಊರಿನ ಯುವಕ ಮಂಡಳಿ ಮರ ಕಡಿಯಬೇಡಿ ಅಂತ ಅರಣ್ಯ ಇಲಾಖೆಗೆ ಬರೆದಿತ್ತು. ಅದು ಕೆಲಸ ಮಾಡದಿದ್ದಾಗ ಕಾಡಿಗೆ ಹೋದರು. ನೀವೂ ಪತ್ರದಿಂದಲೇ ಶುರು ಮಾಡಿ.

ಹಾನಗಲ್ ತಾಲ್ಲೂಕಿನಿಂದ:

ನಮ್ಮ ಕುಸನೂರಿನ ಕಥೆ ನಿಮಗೆ ಉಪಯೋಗಕ್ಕೆ ಬರಬಹುದು, ಸ್ವಲ್ಪ ಉದ್ದ ಬರೀತೀನಿ. 1984ರಲ್ಲಿ ಸರ್ಕಾರ ಒಂದು ಖಾಸಗಿ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಕಂಪನಿ ಮಾಡಿತು. ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 75 ಸಾವಿರ ಎಕರೆ ಕೊಡುವ ಒಪ್ಪಂದ. ಕಾಗದದಲ್ಲಿ ಅದು ಪಾಳು ಜಮೀನು. ಊರಿನವರಿಗೆ ದನ ಮೇಯಿಸುವ ಜಾಗ, ಸೌದೆ ತರುವ ಜಾಗ.

ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠರು ಹಳ್ಳಿಹಳ್ಳಿ ತಿರುಗಿ ಜನರನ್ನು ಸೇರಿಸಿದರು. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಆಯಿತು. ನೀಲಗಿರಿ ಸಸಿ ಕಿತ್ತರು, ಅದೇ ನೆಲದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಕಿತ್ತು ಸುಮ್ಮನೆ ಬಂದಿದ್ದರೆ ಅದು ಬರೀ ಕೇಸಾಗುತ್ತಿತ್ತು. ಹಚ್ಚಿದ್ದರಿಂದ ಈ ನೆಲದಲ್ಲಿ ಏನಿರಬೇಕು ಅಂತ ಜನ ತೋರಿಸಿದ ಹಾಗಾಯಿತು. 1991ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನ ಬಂತು.

ಒಂದು ಗಮನಿಸಿ. ಜನ ಬಂದಿದ್ದು ದನಕ್ಕೆ ಮೇವಿಲ್ಲ ಅಂತ. ನಿಮ್ಮಲ್ಲೂ ಪರಿಸರ ಅಂತ ಶುರು ಮಾಡಬೇಡಿ. ಆ ಮರದಡಿ ಹಣ್ಣು ಮಾರುವವರು, ಎಳನೀರು ಮಾರುವವರು, ಕುರಿ ಕಾಯುವವರು ಮೊದಲ ಸಾಲಲ್ಲಿ ಇರಲಿ.

ಬೆಂಗಳೂರಿನಿಂದ:

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ, 1,791 ಕೋಟಿ ಖರ್ಚು, 812 ಮರ ಬಲಿ ಅಂತ ಲೆಕ್ಕ ಇತ್ತು. 2016ರ ಅಕ್ಟೋಬರ್ 16, ಭಾನುವಾರ, ಸಾವಿರಾರು ಜನ ರಸ್ತೆ ಬದಿಗೆ ಬಂದು ಮಾನವ ಸರಪಳಿ ಕಟ್ಟಿದೆವು. ‘ಬೇಡ’ ಅನ್ನುವ ಒಂದೇ ಮಾತು ಎಲ್ಲರ ಬಾಯಲ್ಲಿ. ಅದೇ ಹೊತ್ತಿಗೆ ಹಸಿರು ನ್ಯಾಯಮಂಡಳಿಯಿಂದ ತಡೆಯೂ ಸಿಕ್ಕಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿ ಮತ್ತು ಕೋರ್ಟು ಎರಡೂ ಒಟ್ಟಿಗೆ ನಡೆದಿದ್ದು ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಆಮೇಲೆ ಜನ ಸುಮ್ಮನಾಗಲಿಲ್ಲ ಅನ್ನೋದು ನನಗೆ ಇನ್ನೂ ಹೆಮ್ಮೆ. ಬೇಡದ್ದನ್ನು ಹೇಳಿದವರೇ ಬೇಕಾದ್ದನ್ನೂ ಕೇಳಿದರು, ಉಪನಗರ ರೈಲು ಕೊಡಿ ಅಂತ. 2020ರಲ್ಲಿ ಅದಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಬಂತು.

ಹಾಸನ ಜಿಲ್ಲೆಯಿಂದ:

ರಸ್ತೆ ಬೇಕು ಅನ್ನುವವರನ್ನು ದೂರ ಇಡಬೇಡಿ. ಕಬ್ಬಿನ ಟ್ರ್ಯಾಕ್ಟರ್‌ನವರು, ಆಂಬುಲೆನ್ಸ್ ಚಾಲಕರು, ಅಂಗಡಿಯವರು ಹೇಳೋದರಲ್ಲಿ ಸತ್ಯ ಇದೆ. ನಮ್ಮಲ್ಲಿ ಅವರ ಜೊತೆ ಕೂತೇ ಒಂದು ನಕ್ಷೆ ಮಾಡಿದೆವು. ಒಂದು ಕಡೆ ಮಾತ್ರ ಅಗಲ ಮಾಡಿ, ಇನ್ನೊಂದು ಕಡೆಯ ಸಾಲು ಹಾಗೇ ಬಿಡಿ ಅಂತ. ಅದನ್ನು ಕಂಡ ಮೇಲೆ ಎಂಜಿನಿಯರ್ ಜೊತೆ ಮಾತಿನ ಧಾಟಿಯೇ ಬದಲಾಯಿತು.

ಸಭೆಯಲ್ಲಿ ‘ನೋಡೋಣ, ಆಯ್ತು’ ಅಂದರೆ ನಂಬಿ ಎದ್ದು ಬರಬೇಡಿ. ನಡಾವಳಿಯ ಪ್ರತಿ ಕೇಳಿ. ಅಧಿಕಾರಿ ವರ್ಗ ಆದ ಮೇಲೆ ಹೊಸಬರ ಮುಂದೆ ಇಡಲು ಆ ಕಾಗದ ಬಿಟ್ಟರೆ ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ.

ತುಮಕೂರು ಜಿಲ್ಲೆಯಿಂದ, ಮತ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತೇ ಕಚೇರಿಗೆ ಹೋಗಿದ್ದೆವು. ಪ್ರಕಟಣೆ ಇನ್ನೂ ಹೊರಟಿಲ್ಲವಂತೆ. ಈಗ ಏನು ಮಾಡಲಿ?

ಮೈಸೂರಿನಿಂದ:

ಒಳ್ಳೆಯದೇ ಆಯ್ತು, ಸಮಯ ಇದೆ. ಪ್ರಕಟಣೆ ಹೊರಡಿಸದೆ ಒಂದು ಮರವನ್ನೂ ಮುಟ್ಟಬೇಡಿ ಅಂತ ಇವತ್ತಿನ ತಾರೀಕಿನಲ್ಲೇ ಬರೆದು ಕೊಡಿ. ಭಾನುವಾರ ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಟೇಪು ಹಿಡಿದು ಹೊರಡಿ. ರಸ್ತೆಯ ನಡುವಿನಿಂದ ಪ್ರತಿ ಮರದ ಬುಡಕ್ಕೆ ಎಷ್ಟು ಅಡಿ ಅಂತ ಅಳೆದು ನಂಬರಿನ ಮುಂದೆ ಬರೆಯಿರಿ, ಫೋಟೊ ತೆಗೆಯಿರಿ. ವಾಹನ ಓಡಾಡುವ ಜಾಗ, ಒಬ್ಬ ದೊಡ್ಡವರು ರಸ್ತೆ ಕಾಯಲಿ. ನಕ್ಷೆ ಕೈಗೆ ಬಂದ ದಿನ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಯಾವ ಮರ ನಿಜಕ್ಕೂ ಅಡ್ಡ ಬರುತ್ತದೆ, ಯಾವುದಕ್ಕೆ ಸುಮ್ಮನೆ ನಂಬರ್ ಹಾಕಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಪಟ್ಟಿ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ಆಕ್ಷೇಪಣೆ ಬರೆಯಲು ನಾನೂ ಕೂತುಕೊಳ್ಳುತ್ತೇನೆ.