ನಿರ್ಣಯದಲ್ಲಿ ‘ಕಂಡೆಮ್’ ಬರೆಯಬೇಕೆ, ‘ಡಿಪ್ಲೋರ್’ ಸಾಕೆ?

ಪ್ರಶ್ನೆ (ಸೋಮವಾರಪೇಟೆ): ಕಾಡಾನೆಗಳಿಂದ ಕಾಫಿ ತೋಟಗಳಿಗಾದ ಹಾನಿಗೆ ಪರಿಹಾರ ತಡವಾಗುತ್ತಿರುವ ಬಗ್ಗೆ ನಮ್ಮ ಬೆಳೆಗಾರರ ಸಂಘವು ಇಂಗ್ಲಿಷಿನಲ್ಲಿ ನಿರ್ಣಯ ಕಳುಹಿಸಬೇಕಿದೆ. ಕಂಡೆಮ್, ಡಿಪ್ಲೋರ್, ಸೆನ್ಶರ್ ಇವುಗಳಲ್ಲಿ ಯಾವುದು ಸೂಕ್ತವೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಮಡಿಕೇರಿ): ಸೆನ್ಶರ್ ಬೇಡ. ಅದು ಅಧಿಕಾರವುಳ್ಳವರು ವಿಧಿವತ್ತಾಗಿ ಮಾಡುವ ಖಂಡನೆ. 1965ರ ಕೇಂದ್ರ ನಾಗರಿಕ ಸೇವಾ ನಿಯಮಗಳಲ್ಲಿ ಅದೊಂದು ಲಘು ದಂಡನೆ, ನಮ್ಮ ಕಚೇರಿಗಳಲ್ಲಿ ವಾಗ್ದಂಡನೆ ಎನ್ನುವುದೂ ಅದನ್ನೇ. ಡಿಪ್ಲೋರ್‌ನಲ್ಲಿ ವಿಷಾದವೂ ಬಲವಾದ ಅಸಮ್ಮತಿಯೂ ಕೂಡಿವೆ, ಆದರೆ ಅದನ್ನು ಸಾಮಾನ್ಯವಾಗಿ ವ್ಯಕ್ತಿಯ ಮೇಲಲ್ಲ, ಸಂಗತಿಯ ಮೇಲೆ ಪ್ರಯೋಗಿಸುತ್ತಾರೆ. ‘ಡಿಪ್ಲೋರ್ಸ್ ದ ಡಿಲೇ’ ಎಂದು ಬರೆಯಿರಿ. ಅಧಿಕಾರಿಯ ಹೆಸರನ್ನು ಅದಕ್ಕೆ ಜೋಡಿಸಬೇಡಿ.

ಉತ್ತರ (ವಿರಾಜಪೇಟೆ): ಒಪ್ಪುತ್ತೇನೆ. ಕಂಡೆಮ್ ಎಂದರೆ ಕಟುವಾಗಿ ಖಂಡಿಸುವುದು, ಅದು ಹಿಂಸೆ, ದೌರ್ಜನ್ಯಗಳಿಗಿರಲಿ. ವಿಳಂಬಕ್ಕೆ ಅದು ಅತಿಯಾಯಿತು, ಅಲ್ಲದೆ ಕಡತ ಮುಂದೆ ಸಾಗಿಸಬೇಕಾದವರೇ ಮುನಿಸಿಕೊಂಡಾರು.